ಎಲ್ಲರಿಗೂ ಹದಿನೆಂಟು

ಸ್ಫಾಕ್ಸ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದ ಸಲ್ವಾ, ಮುಂದೆ ನಿಂತ ಇಬ್ಬರು ನರ್ಸುಗಳ ಬಾಯಲ್ಲಿ ತನ್ನ ಗಂಡನ ಹಾಸಿಗೆಯ ನಂಬರು ಬಂದಾಗ ಕಿವಿಗೊಟ್ಟಳು.

"ಒಂಬತ್ತನೇ ಬೆಡ್ಡಿನವರ ಉಸಿರು ನಿಮಿಷಕ್ಕೆ ಮೂವತ್ತನಾಲ್ಕಕ್ಕೆ ಏರಿದೆ, ಮೊಂಜಿಯಕ್ಕ. ಎದೆ ನೋಡಿ ನಾನೇ ಎಣಿಸಿದೆ."

"ಚಾರ್ಟಲ್ಲಿ ಹದಿನೆಂಟು ಅಂತಿದೆಯಲ್ಲೇ."

"ಎಲ್ಲರಿಗೂ ಹದಿನೆಂಟೇ ಬರೆದಿದೀರ. ನಿನ್ನೆ ಸತ್ತವರಿಗೂ."

"ನಲವತ್ತು ಜನಕ್ಕೆ ನಾನೊಬ್ಬಳು. ಉಸಿರು ಎಣಿಸ್ತಾ ಕೂತರೆ ಇಂಜೆಕ್ಷನ್ನು ಮಂತ್ರಿ ಬಂದು ಕೊಡ್ತಾನಾ?"

"ಡಾಕ್ಟರಿಗೂ ಹೇಳಿದೆ. ಬಿಪಿ ಸರಿಯಾಗಿದೆ, ಸಂಜೆ ನೋಡ್ತೀನಿ ಅಂದ್ರು."

"ಬಿಪಿ ಬೀಳೋದು ಕೊನೇಲಿ ಕಣೇ. ಮಾತಾಡ್ತಿದಾರಾ?"

"ಬೆಳಿಗ್ಗೆ ಹೆಂಡತಿ ಹೆಸರು ಹೇಳಿದ್ರು. ಈಗ ಕೇಳಿದ್ರೆ ಸುಮ್ನೆ ನೋಡ್ತಾರೆ."

"ಅಯ್ಯೋ ಹುಡುಗಿ, ಅದನ್ನ ಮೊದಲು ಹೇಳಬಾರದಾ? ನಡಿ, ಮೆಟ್ಟಿಲಲ್ಲೇ ಹೋಗೋಣ."

ಇಬ್ಬರೂ ಸಾಲು ಬಿಟ್ಟು ಓಡಿದರು. ಆ ಆಸ್ಪತ್ರೆಯಲ್ಲಿ ನರ್ಸುಗಳು ಓಡುವುದನ್ನು ಸಲ್ವಾ ಅದುವರೆಗೆ ಕಂಡಿರಲಿಲ್ಲ.