ದೊಡ್ಡಪ್ಪನ ಗುಂಡಿಯಿಲ್ಲದ ಶರ್ಟು

ನಗಬೇಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಅದರಲ್ಲಿ ನನ್ನ ತಪ್ಪೂ ಇದೆ, ಅದಕ್ಕೇ ಮೆಲ್ಲಗೆ ಹೇಳ್ತೀನಿ.

ಅವತ್ತು ಅಣ್ಣ ಎರಡನೇ ಪಾಳಿ ಮುಗಿಸಿ ಪಾಳುಬಾವಿ ಪಕ್ಕ ನಡೆದು ಬರ್ತಿದ್ದ. ರಾತ್ರಿ ಹನ್ನೆರಡು ದಾಟಿತ್ತು. ಬಾವಿಯ ಆಚೆಯಿಂದ... ಕಟ್. ಹಲ್ಲಲ್ಲಿ ದಾರ ಕಡಿದ ಸದ್ದು. ನಿಂತ. ಏನೂ ಇಲ್ಲ. ಒಂದು ಹೆಜ್ಜೆ ಇಟ್ಟ... ಕಟ್.

ಆ ಸದ್ದು ಅವನಿಗೆ ಗೊತ್ತು. ದೊಡ್ಡಪ್ಪ ದರ್ಜಿ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರ ಹಲ್ಲಲ್ಲೇ ಕಡಿಯೋರು. ಇಡೀ ಬೀದಿಗೆ ಬಟ್ಟೆ ಹೊಲಿದ ಕೈ. ರೆಡಿಮೇಡ್ ಬಂತು, ಅಂಗಡಿ ಮುಚ್ಚಿತು, ಮಗ ಗಾರ್ಮೆಂಟ್ಸ್ ಸೇರಿದ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಇವನು ಏಳು ವರ್ಷದಿಂದ ಬರೀ ಕಾಲರ್. "ಕತ್ತಿನ ದರ್ಜಿ ಬಂದ, ದಾರಿ ಬಿಡ್ರಪ್ಪಾ," ಅಂತ ದೊಡ್ಡಪ್ಪ ರೇಗಿಸೋರು. ಕಾಯಿಲೆ ಬಿದ್ದ ಮೇಲೆ ತಮಗೇ ಒಂದು ಬಿಳಿ ಶರ್ಟು ಹೊಲಿದುಕೊಂಡರು. "ನನ್ನ ಕಳಿಸೋವಾಗ ಇದನ್ನೇ ಹಾಕಿ." ಗುಂಡಿ ಹಾಕೋ ಮುಂಚೆಯೇ ಹೋಗಿಬಿಟ್ಟರು.

ಅಣ್ಣನಿಗೆ ಸಿಕ್ಕಿದ್ದು ಅರ್ಧ ದಿನ ರಜೆ. ದೊಡ್ಡಮ್ಮನಿಗೆ ಕಣ್ಣು ಮಂಜು, ಸೂಜಿಯನ್ನ ಮಗನ ಕೈಗಿಟ್ಟರು. "ಅಮ್ಮಾ, ನಾನು ಕಾಲರ್ ಮಾಡೋನು. ಗುಂಡಿ ಬೇರೆಯವರ ಕೆಲಸ," ಅಂದುಬಿಟ್ಟ. ಬುದ್ಧಿ ಹೇಳಬೇಕಾದ ನಾನು, ಓಡಿಹೋಗಿ ಒಂದು ರೆಡಿಮೇಡ್ ತಂದೆ. ನೀಲಿ ಗುಂಡಿಯ ಶರ್ಟು. ಕತ್ತಿನ ಹತ್ತಿರ ಬಿಗಿಯಾಗಿತ್ತು. ಅದರಲ್ಲೇ ದೊಡ್ಡಪ್ಪನ್ನ ಆ ಪಾಳುಬಾವಿಯ ಆಚೆ ಮಣ್ಣು ಮಾಡಿದೆವು. ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತೆ. ದೊಡ್ಡಮ್ಮ ಬಿಳಿ ಶರ್ಟನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು, ಅವತ್ತಿಂದ ಮಗನ ಜೊತೆ ಮಾತು ಬಿಟ್ಟರು.

ಸರಿ, ಬಾವಿ... ಐದು ಸಲ ಕಟ್ ಅಂತು. ಆಮೇಲೆ ನಿಂತುಹೋಯ್ತು. ಅಣ್ಣ ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. ದೊಡ್ಡಮ್ಮ ಎದ್ದು ಕೂತಿದ್ದರು. ತಿಂಗಳಾದ ಮೇಲೆ ಮೊದಲ ಮಾತು, ಅದೂ ಪಿಸುಮಾತು.

"ನಿಂಗೂ ಕೇಳಿಸ್ತಾ?"

"ಹೂಂ... ಅಮ್ಮಾ, ನಾನೇ ಹಾಕಬೇಕಿತ್ತು. ಹತ್ತು ನಿಮಿಷದ ಕೆಲಸ. ಸೂಜಿ ಕೊಡು, ಈಗಲೇ ಹಾಕ್ತೀನಿ."

"ಮೊದಲು ಪೆಟ್ಟಿಗೆ ತೆಗಿ."

ಬೀಗ ತೆಗೆದ. ಬಿಳಿ ಶರ್ಟು ಮಡಿಸಿದ ಹಾಗೇ ಇತ್ತು. ಅದಕ್ಕೆ ಹೊಲಿದ ಐದು ಗುಂಡಿ... ನೀಲಿ.

ಅಣ್ಣ ಆ ರಾತ್ರೀಲೇ ಬಂದು ನಮ್ಮನೆ ಬಾಗಿಲು ಬಡಿದ. ಹೋಗಿ ನೋಡಿದೆ. ನಾನು ಆರಿಸಿ ತಂದ ಶರ್ಟಿನ ಗುಂಡಿ ನಂಗೆ ಗೊತ್ತಾಗಲ್ವಾ? ಅವೇ. ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ... ಕೈಯಾರೆ ಮುಟ್ಟಿದ್ದೀನಿ. ಐದನೇ ಗುಂಡಿಯ ದಾರದ ತುದಿ ಇನ್ನೂ ಒದ್ದೆಯಾಗಿತ್ತು.