ಮುಂಬೈ ಕಂಡ ನರ

ನಾನು ಕದ್ದು ಕೇಳಿದ್ದಲ್ಲ, ಆಕೆಯ ದನಿಯೇ ಅಷ್ಟು ಜೋರಾಗಿತ್ತು. ೧೯೭೮ರಲ್ಲಿ, ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ, ವಿಜಾಪುರದ ದೊಡ್ಡಾಸ್ಪತ್ರೆಯಿಂದ ತನ್ನೂರು ಮಸೂತಿಗೆ ಹೊರಟಿದ್ದ ಅರವತ್ತರ ಸಾತವ್ವನಿಗೆ ಅಕ್ಕನ ಮಗಳು ರೇಣವ್ವ ಎದುರಾಗಿದ್ದಳು.

"ಚಿಗವ್ವಾ, ಅಪೆಂಡಿಕ್ಸ್ ಆಗಿತ್ತಂತಲ್ಲ?"

"ಅದು ಎಲ್ಲಾರಿಗೂ ಆಗ್ತೈತಿ. ನನ್ನ ಹೊಟ್ಯಾಗ ರಕ್ತದ ನರಾನ ಒಡದಿತ್ತು. ರೊಟ್ಟಿ ಬಡೀತಿದ್ದೆ, ಒಮ್ಮಿಗೇ ಬಿದ್ದೆ."

"ಬಾವು ಬಂದಿತ್ತೇನ ಬೇ?"

"ಬಾವಿಲ್ಲ, ಕೀವಿಲ್ಲ. ನರದ ಗ್ವಾಡಿ ತಾನಾಗೇ ಸಡಲಾಗಿತ್ತಂತ. ಆಪರೇಶನ್ ಮಾಡಿದ ಡಾಕ್ಟರ್ ಇಪ್ಪತ್ತು ವರ್ಷದಾಗ ಇಂಥಾದ್ದು ನೋಡಿಲ್ಲಂತ!"

"ಅಯ್ಯ ಶಿವನ!"

"ಸಣ್ಣ ಡಾಕ್ಟರ್‌ಗೋಳೆಲ್ಲ ನನ್ನ ಕಾಟಿನ ಸುತ್ತ ನಿಂತು ಬರಕೊಂಡ್ರು. ಕೆಟ್ಟ ನರ ಕತ್ತರಿಸಿ, ಬಾಟ್ಲ್ಯಾಗ ಹಾಕಿ, ತಪಾಸ ಮಾಡಾಕ ಮುಂಬೈಗೆ ಕಳಿಸ್ಯಾರ."

"ನೀನಽ ವಿಜಾಪುರ ದಾಟಿಲ್ಲಲ್ಲ ಬೇ!"

"ನಾ ದಾಟಿಲ್ಲ. ನನ್ನ ನರ ದಾಟೈತಿ."

ಬಸ್ ಬಂತು. ರೇಣವ್ವ ಕೈ ಹಿಡಿದು ಹತ್ತಿಸಿದಳು. ಬಾಗಿಲಲ್ಲೇ ಕಂಡಕ್ಟರ್ ಕೇಳಿದ:

"ಎಲ್ಲಿಗೆ ಬೇ, ಯವ್ವಾ?"

ಸಾತವ್ವ ಸೆರಗು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ನನ್ನದೊಂದು ತುಣುಕು ಮುಂಬೈಗೆ ಹೋಗೈತಿ. ಉಳಿದಾಕಿಗೆ ಮಸೂತಿಗೊಂದು ಟಿಕೀಟು ಕೊಡಪಾ."