ಐದನೆಯ ಹೂಂ

ಕಲ್ಯಾಣ ಲೋಕಲ್ ರೈಲಿನ ಮಹಿಳಾ ಡಬ್ಬಿಯ ಗರ್ದಿಯಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ಇಬ್ಬರು ಮಾತಾಡುತ್ತಿದ್ದರು.

“ಮಾನಮ್ಮಕ್ಕ, ನಮ್ಮೂರ ವಾಟ್ಸಾಪ್ ಗ್ರೂಪಿನ ಕಮಿಟಿಗೆ ನನ್ನ ಬದಲಿ ನೀ ಬಾ. ಮಂದಿ ಜಗಳ ಬಿಡಿಸಿ ಬಿಡಿಸಿ ಸಾಕಾಗೇದ.”

“ಸುಮ್ನ ಬಿಟ್ಟುಬಿಡು, ಕಾಂಚನಾ.”

“ಬದಲಿ ಕೊಡಲಾರ್ದ ಬಿಡಂಗಿಲ್ಲ. ಬದಲಿ ತಗೊಳ್ಳಾಕ ಕಮಿಟಿಯ ಐದೂ ಮಂದಿ ಹೂಂ ಅನಬೇಕು.”

“ಅನ್ನಸು.”

“ಐದರಾಗ ಬಾಲಪ್ಪಣ್ಣ ಸತ್ತು ವರ್ಷಾತು. ಉಳದವ್ರು ನಾಕ ಮಂದಿ.”

“ಅವನ ಜಾಗಕ್ಕ ಯಾರನ್ನರ ತಗೋರಿ.”

“ಅದಕ್ಕೂ ಐದು ಹೂಂ ಬೇಕು.”

“ನಿಯಮಾನ ತೆಗೀರಿ.”

“ಅದಕ್ಕೂ ಐದು.”

“ಯಾವ ಶಾಣ್ಯಾ ಬರದಾನ ಇದನ್ನ?”

ಕಾಂಚನಾ ದನಿ ತಗ್ಗಿಸಿದಳು.

“ನಾನ, ಅಕ್ಕ. ಆಗ ನೀ ಕಮಿಟಿ ಒಳಗ ಬರಬಾರದಂತ.”

ಡೊಂಬಿವಲಿ ಬಂತು. ಮಾನಮ್ಮ ಜನರನ್ನು ಸರಿಸುತ್ತ ಇಳಿದೇಬಿಟ್ಟಳು.

“ಅಕ್ಕ, ನಿಲ್ಲು! ನಂದೂ ಇದ ಸ್ಟೇಷನ್ನು!”

ಬಾಗಿಲ ತುಂಬ ಹತ್ತುವವರು. ಗಾಡಿ ಹೊರಟಿತು. ಕಾಂಚನಾ ನನ್ನ ಬೆನ್ನಿಗೇ ಇದ್ದಳು.